ಮೆಷೀನ್ ನಿಂತರೂ ಬಿಲ್ ನಿಲ್ಲಲ್ಲ, ಯಾಕೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಚಿಕ್ಕ ವರ್ಕ್‌ಶಾಪ್. ಆರ್ಡರ್ ಕಡಿಮೆಯಾಗಿದೆ, ಲೇತ್‌ಗಳು ಸುಮ್ನೆ ನಿಂತಿರುತ್ತವೆ, ಆದರೂ ಕರೆಂಟ್ ಬಿಲ್ ಅಷ್ಟಾಗಿ ಇಳಿದಿಲ್ಲ. ಕೊರೊನಾ ಕಾಲದಲ್ಲಿ ಸರ್ಕಾರ ಮನ್ನಾ ಮಾಡಿತ್ತಲ್ವಾ? ಅದರಿಂದ ಯಾರ ಕೆಲಸವಾದರೂ ಉಳಿಯಿತಾ?

ಉತ್ತರ: ಆಗ ಮನ್ನಾ ಆಗಿದ್ದು ಇಡೀ ಬಿಲ್ ಅಲ್ಲ, ಫಿಕ್ಸೆಡ್ ಚಾರ್ಜ್ ಮಾತ್ರ. ನೀವು ಒಂದು ಯೂನಿಟ್ ಸುಡದಿದ್ದರೂ, ಮಂಜೂರಾದ ಲೋಡ್ (ನಿಮ್ಮ ಸಂಪರ್ಕಕ್ಕೆ ಒಪ್ಪಿಗೆಯಾದ ಗರಿಷ್ಠ ವಿದ್ಯುತ್) ಮೇಲೆ ಪ್ರತಿ ತಿಂಗಳು ಬೀಳುವ ಹಣ ಅದು. ಮೇ 2020ರಲ್ಲಿ ಯಡಿಯೂರಪ್ಪ ಸರ್ಕಾರ 1,610 ಕೋಟಿ ರೂಪಾಯಿ ಪ್ಯಾಕೇಜ್ ಘೋಷಿಸಿದಾಗ ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳಿಗೆ ಇದನ್ನು ಎರಡು ತಿಂಗಳು ಬಿಟ್ಟುಕೊಟ್ಟಿತು. ದೊಡ್ಡ ಕಾರ್ಖಾನೆಗಳಿಗೆ ಮನ್ನಾ ಇಲ್ಲ, ದಂಡ-ಬಡ್ಡಿ ಇಲ್ಲದೆ ತಡವಾಗಿ ಕಟ್ಟುವ ಅವಕಾಶ ಅಷ್ಟೆ. 2021ರ ಲಾಕ್‌ಡೌನ್‌ನಲ್ಲೂ ಮೇ, ಜೂನ್ ತಿಂಗಳಿಗೆ ಹೀಗೇ ಮಾಡಿದರು.

ನನ್ನ ಪ್ರಕಾರ ಫಿಕ್ಸೆಡ್ ಚಾರ್ಜ್ ಬಿಡುವ ಆಯ್ಕೆ ಸರಿಯಾಗಿತ್ತು, ಎರಡು ತಿಂಗಳ ಅವಧಿ ಸಾಲಲಿಲ್ಲ. ಬೀಗ ಹಾಕಿದ ಶೆಡ್‌ನಲ್ಲಿ ಮಾಲೀಕನ ಕೈಯಲ್ಲಿ ಉಳಿದ ಹಣ ಸಂಬಳಕ್ಕೆ ಹೋಗಬಹುದು, ಆದರೆ ಬೀಗ ತೆಗೆದ ಮರುದಿನವೇ ಆರ್ಡರ್ ಬರಲ್ಲ, ಬಂದ ಆರ್ಡರ್‌ನ ದುಡ್ಡು ಕೈಸೇರೋಕೆ ಇನ್ನೂ ತಿಂಗಳುಗಳು ಬೇಕು, ಅಷ್ಟರಲ್ಲಿ ಪಳಗಿದ ಕೆಲಸಗಾರ ಊರಿಗೆ ಹೋಗಿಬಿಟ್ಟಿರುತ್ತಾನೆ. ಬ್ರಿಟನ್ 2022ರ ಅಕ್ಟೋಬರ್‌ನಿಂದ ಆರು ತಿಂಗಳು ವ್ಯಾಪಾರಗಳಿಗೆ ಯೂನಿಟ್ ದರದಲ್ಲೇ ರಿಯಾಯಿತಿ ಕೊಟ್ಟಿತು, ಏಕೆಂದರೆ ಅಲ್ಲಿ ಏರಿದ್ದು ದರವೇ; ಇಲ್ಲಿ ನಿಂತಿದ್ದು ಮೆಷೀನ್, ಹಾಗಾಗಿ ಫಿಕ್ಸೆಡ್ ಚಾರ್ಜ್ ಬಿಡುವುದೇ ಸರಿ.

ನೀವು ಈಗ ಮಾಡಬಹುದಾದದ್ದು: ಬೆಸ್ಕಾಂ ಕಚೇರಿಯಲ್ಲಿ ಲೋಡ್ ಇಳಿಸಲು ಅರ್ಜಿ ಹಾಕಿ. ಆದರೆ ಆರ್ಡರ್ ಬೇಗ ಮರಳುವ ನಂಬಿಕೆ ಇದ್ದರೆ ಯೋಚಿಸಿ ಹಾಕಿ. ಮತ್ತೆ ಲೋಡ್ ಏರಿಸಲು ಹೊಸ ಅರ್ಜಿ, ಹೊಸ ಖರ್ಚು.