ಎತ್ತಿನ ಹಲ್ಲು, ಲ್ಯಾಪ್‌ಟಾಪಿನ ನಂಬರು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ರಿಫರ್ಬಿಶ್ಡ್, ಅಂದರೆ ಯಾರೋ ಬಳಸಿದ್ದನ್ನು ಸರಿಮಾಡಿ ಮತ್ತೆ ಮಾರುವ ಲ್ಯಾಪ್‌ಟಾಪ್ ತಗೊಳ್ಳಬಹುದೋ ಬೇಡವೋ. ಕಾಲೇಜು ಶುರುವಾಗುವ ಹೊತ್ತಿಗೆ ನನ್ನ ಅಂಗಡಿಯ ಮುಂದೆಯೂ ಇದೇ ಮಾತು. ಅಂಗಡಿ ಅಂದರೆ ಕಲಬುರಗಿ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಒಂದು ಮೇಜು, ಎರಡು ಸ್ಟೂಲು, ಒಂದು ಸೋಲ್ಡರಿಂಗ್ ಐರನ್. ನಾನು ರಿಪೇರಿ ಮಾಡುವವನು, ಮಾರುವವನಲ್ಲ. ಹಾಗಾಗಿ ಸುಳ್ಳು ಹೇಳಿ ನನಗೆ ಸಿಗುವುದೇನೂ ಇಲ್ಲ.

ಪ್ರಶ್ನೆ: ನಾನು ತೊಗರಿ ಬೆಳೆಯುವ ರೈತ. ಮಗಳು ಕಲಬುರಗಿಯಲ್ಲಿ ಬಿಸಿಎ ಮೊದಲ ವರ್ಷ. ಹೊಸ ಲ್ಯಾಪ್‌ಟಾಪ್ ನಮ್ಮ ಕೈಗೆ ನಿಲುಕುವುದಿಲ್ಲ. ಒಂದು ಅಂಗಡಿಯಲ್ಲಿ ಎರಡು ತೋರಿಸಿದರು. ಐ7 ಇರುವುದಕ್ಕೆ 15 ಸಾವಿರ, ಐ5 ಇರುವುದಕ್ಕೆ 19 ಸಾವಿರ. ಐ7 ದೊಡ್ಡದು ಅಂತ ಮಗಳ ಗೆಳತಿಯರು ಹೇಳುತ್ತಾರೆ. ದೊಡ್ಡದಾದರೆ ಯಾಕೆ ಸೋವಿ? ಎರಡಕ್ಕೂ ಒಂದು ವರ್ಷ ಗ್ಯಾರಂಟಿ. ಯಾವುದು ಎಷ್ಟು ವರ್ಷ ಬಂದೀತು? ಎರಡರ ಫೋಟೊ ಕಳಿಸಿದ್ದೇನೆ.
— ಒಬ್ಬ ತಂದೆ, ಶಹಾಪುರ ತಾಲ್ಲೂಕು

ಉತ್ತರ: ಅಣ್ಣಾರೇ, 19 ಸಾವಿರದ್ದನ್ನು ತಗೊಳ್ರಿ, ಐ7 ಬಿಡ್ರಿ. ಕಾರಣ ಸ್ವಲ್ಪ ಉದ್ದ ಇದೆ, ಚಹಾ ತರಿಸಿಕೊಂಡು ಕೂತು ಓದ್ರಿ.

ಎತ್ತು ಕೊಳ್ಳುವಾಗ ನೀವು ಬಾಯಿ ತೆಗೆಸಿ ಹಲ್ಲು ನೋಡುತ್ತೀರಿ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ. ಕೋಡಿಗೆ ಬಣ್ಣ ಬಳಿದಿದ್ದಾರೆ ಅಂತ ಯಾರೂ ದುಡ್ಡು ಬಿಚ್ಚುವುದಿಲ್ಲ. ಲ್ಯಾಪ್‌ಟಾಪಿನ ಮೇಲಿನ ಐ5, ಐ7 ಅನ್ನುವ ಸ್ಟಿಕರು ಕೋಡಿನ ಬಣ್ಣ ಇದ್ದಂತೆ. ಹಲ್ಲು ಇರುವುದು ಅದರ ಮುಂದಿನ ನಂಬರಿನಲ್ಲಿ. ನೀವು ಕಳಿಸಿದ ಫೋಟೊದಲ್ಲಿ ಒಂದು ಐ7-6600ಯು. ಮೊದಲ ಅಂಕಿ 6, ಅಂದರೆ ಇಂಟೆಲ್‌ನ ಆರನೇ ತಲೆಮಾರು, 2015ರಲ್ಲಿ ಬಂದ ಪ್ರೊಸೆಸರ್, ಅಂದರೆ ಮಶೀನಿನ ಮಿದುಳು. ಇನ್ನೊಂದು ಐ5-8250ಯು, ಎಂಟನೇ ತಲೆಮಾರು, 2017ರದು. ಪ್ರೊಸೆಸರಿನೊಳಗೆ ದುಡಿಯುವ ಕೈಗಳಿಗೆ ಕೋರ್ ಅನ್ನುತ್ತಾರೆ. ಈ ಐ7ಗೆ ಎರಡೇ ಕೋರ್, ಐ5ಗೆ ನಾಲ್ಕು. ಅಲ್ಲಿಗೆ ದೊಡ್ಡದು ಯಾವುದು ಅನ್ನುವ ಜಗಳವೂ ಮುಗಿಯಿತು.

(ನಂಬರು ಓದುವಾಗ ಒಂದು ಕಡೆ ಎಡವುತ್ತೀರಿ, ಈಗಲೇ ಹೇಳಿಬಿಡುತ್ತೇನೆ. 10210 ಅಂತ ಇದ್ದರೆ ಹತ್ತನೆಯದು. 1135 ಇದ್ದರೆ ಹನ್ನೊಂದು, 1235 ಇದ್ದರೆ ಹನ್ನೆರಡು. ಮೊದಲ ಅಂಕಿ 1 ಅಂತ ಅದನ್ನು ಮೊದಲನೇ ತಲೆಮಾರು ಅಂದುಕೊಂಡು ಒಳ್ಳೆಯದನ್ನು ಬಿಟ್ಟುಬಂದವರೂ ನನ್ನ ಗಿರಾಕಿಗಳಲ್ಲಿ ಇದ್ದಾರೆ. ಎಎಮ್‌ಡಿ ರೈಝೆನ್ ಆದರೆ ಈ ಲೆಕ್ಕ ನಡೆಯುವುದಿಲ್ಲ. ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಆ ನಂಬರನ್ನೇ ಹುಡುಕಬೇಕು. ಆ ಪಟ್ಟಿಯ ಮಾತು ಈಗಲೇ ಬರುತ್ತದೆ.)

ಆರು ಮತ್ತು ಎಂಟರ ನಡುವೆಯೇ ಗೆರೆ ಬಿದ್ದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಟಿಪಿಎಮ್ 2.0 ಅನ್ನುವ ಭದ್ರತಾ ಚಿಪ್ ಬೇಕು, ಚಾಲೂ ಆಗುವಾಗ ಕಳ್ಳ ಸಾಫ್ಟ್‌ವೇರನ್ನು ಒಳಗೆ ಬಿಡದ ಸೆಕ್ಯೂರ್ ಬೂಟ್ ಬೇಕು, ಜೊತೆಗೆ ಪ್ರೊಸೆಸರ್ ಅವರ ಪಟ್ಟಿಯಲ್ಲಿ ಇರಬೇಕು. ಇಂಟೆಲ್‌ನಲ್ಲಿ ಬೆರಳೆಣಿಕೆಯ ಅಪವಾದ ಬಿಟ್ಟರೆ ಆ ಪಟ್ಟಿ ಎಂಟನೇ ತಲೆಮಾರಿನಿಂದಲೇ ಶುರು. ಬೆಂಗಳೂರಿನ, ಹೈದರಾಬಾದಿನ ಆಫೀಸುಗಳು ಆರು–ಏಳನೇ ತಲೆಮಾರಿನ ಲ್ಯಾಪ್‌ಟಾಪುಗಳನ್ನು ಗೋಣಿಗಟ್ಟಲೆ ಹೊರಗೆ ಹಾಕಿದ್ದು ಇದೇ ಕಾರಣಕ್ಕೆ. ನಿಮಗೆ ತೋರಿಸಿದ ಐ7 ಸೋವಿ ಆಗಿದ್ದೂ ಇದೇ ಕಾರಣಕ್ಕೆ.

ಸಪೋರ್ಟ್ ಮುಗಿಯಿತು ಅಂದರೆ ಮಶೀನು ನಿಂತುಹೋಗುತ್ತದೆ ಅಂತ ಅಲ್ಲ. ಬೆಳಿಗ್ಗೆ ಬಟನ್ ಒತ್ತಿದರೆ ಎಂದಿನಂತೆ ಏಳುತ್ತದೆ. ಆದರೆ ಗೋಡೆಯಲ್ಲಿ ಹೊಸ ಬಿರುಕು ಬಿಟ್ಟರೆ ಮೆತ್ತಲು ಯಾರೂ ಬರುವುದಿಲ್ಲ. ಮುಂದೆ ಒಂದು ದಿನ ಬ್ರೌಸರೂ ಕೈಬಿಡುತ್ತದೆ. ವಿಂಡೋಸ್ 7ರ ಸಪೋರ್ಟ್ 2020ರ ಜನವರಿಯಲ್ಲಿ ಮುಗಿದಿತ್ತು. 2023ರ ಶುರುವಿನಲ್ಲಿ ಕ್ರೋಮ್ ಕೂಡ ಅದರ ಮೇಲೆ ಹೊಸ ಆವೃತ್ತಿ ನಿಲ್ಲಿಸಿತು. ಆ ವರ್ಷ "ಲ್ಯಾಪ್‌ಟಾಪ್ ಬರೋಬ್ಬರಿ ಅದ, ಸೈಟ್ ಮಾತ್ರ ತೆರೀವಲ್ದು" ಅಂತ ನನ್ನ ಸ್ಟೂಲಿನ ಮೇಲೆ ಬಂದು ಕೂತವರಿಗೆ ಲೆಕ್ಕವಿಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆ, ಐ5 ಎಷ್ಟು ವರ್ಷ. ವಿಂಡೋಸ್ 11 ಒಟ್ಟಾರೆ ಯಾವಾಗ ಮುಗಿಯುತ್ತದೆ ಅಂತ ಮೈಕ್ರೋಸಾಫ್ಟ್ ದಿನಾಂಕ ಹಾಕಿಲ್ಲ. ವರ್ಷಕ್ಕೊಂದು ಆವೃತ್ತಿ ಬಿಡುತ್ತಾರೆ. ಹೋಮ್ ಮತ್ತು ಪ್ರೊ ಆದರೆ ಪ್ರತಿ ಆವೃತ್ತಿಗೆ 24 ತಿಂಗಳು ಪ್ಯಾಚ್, ಅಂದರೆ ಬಿರುಕು ಮೆತ್ತುವ ಅಪ್‌ಡೇಟ್, ಕೊಡುತ್ತಾರೆ. 25ಎಚ್2 ಅನ್ನುವುದಕ್ಕೆ 2027ರ ಅಕ್ಟೋಬರ್ 12ರ ತನಕ ಇದೆ. ಬರೆದು ಕೊಟ್ಟ ಮಾತು ಅಷ್ಟೇ, ಅದರಾಚೆಯದು ಅಂದಾಜು. ಎಂಟನೇ ತಲೆಮಾರು ಪಂಕ್ತಿಯಲ್ಲಿ ಕೊನೆಯ ಎಲೆ. ಮುಂದೆ ಗೆರೆಯನ್ನು ಇನ್ನೊಂದು ಗೇಣು ಸರಿಸಿದರೆ ಮೊದಲು ಏಳಬೇಕಾದದ್ದು ಅದೇ. ಹಾಗಾಗಿ ಮಗಳ ಮೂರು ವರ್ಷದ ಓದಿಗೆ ನಾನು ಎಂಟನೆಯದನ್ನು ಒಪ್ಪುತ್ತೇನೆ, ಆರು ವರ್ಷ ಬರಬೇಕು ಅಂದರೆ ಒಪ್ಪುವುದಿಲ್ಲ. ತೊಗರಿಗೆ ಒಳ್ಳೆ ಧಾರಣಿ ಸಿಕ್ಕು ಇನ್ನೈದಾರು ಸಾವಿರ ಹೊಂದಿಸಲು ಆದರೆ ಹತ್ತು ಅಥವಾ ಹನ್ನೊಂದನೇ ತಲೆಮಾರಿನದು ಕೇಳಿ ನೋಡ್ರಿ. 19 ಸಾವಿರವನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಆರು ಸಾವಿರದ ಮೇಲೆ ಚಿಲ್ಲರೆ. ಆ 15 ಸಾವಿರವನ್ನು ಹಂಚಲು ಹೋದರೆ ವರ್ಷವೇ ಇಲ್ಲ.

ಅಂಗಡಿಯವರ ಗ್ಯಾರಂಟಿಯನ್ನು ಇದಕ್ಕೆ ಕೂಡಿಸಬೇಡ್ರಿ. ಅವರು ನೀವು ಕೊಂಡ ದಿನದಿಂದ ಎಣಿಸುತ್ತಾರೆ. ಸಾಫ್ಟ್‌ವೇರ್ ಕಂಪನಿ ನೋಡುವುದು ಮಶೀನಿನ ಹುಟ್ಟನ್ನು.

ಮಾಡೆಲ್ ಹೆಸರನ್ನೂ ನಂಬಿ ಕೂರಬೇಡ್ರಿ. ಥಿಂಕ್‌ಪ್ಯಾಡ್ ಟಿ480 ಗಟ್ಟಿ ಮಶೀನು, ನನಗೂ ಇಷ್ಟ. ಆದರೆ ಅದೇ ಹೆಸರಲ್ಲಿ ಏಳನೇ ತಲೆಮಾರಿನ ಪ್ರೊಸೆಸರ್ ಇರುವವೂ ಮಾರಾಟವಾಗಿವೆ. ಎಚ್‌ಪಿ ಎಲೈಟ್‌ಬುಕ್ 840 ಜಿ5 ಕತೆಯೂ ಅಷ್ಟೇ. ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ಒಳಗೆ ಅಬೌಟ್ ನೋಡಿ, ನಂಬರನ್ನು ಕಣ್ಣಾರೆ ಓದಬೇಕು.

ಈಗ ನಾನೇ ಬಿದ್ದ ಗುಂಡಿಯ ಕತೆ. ಹದಿನಾರು ವರ್ಷ ಇದೇ ಕೆಲಸ ಮಾಡಿದವನು, ತಂಗಿಯ ಮಗನಿಗೆ ಅಂತ ಊರಾಚೆಯ ಒಬ್ಬ ವ್ಯಾಪಾರಿ ಹತ್ತಿರ ಲ್ಯಾಪ್‌ಟಾಪ್ ತಂದೆ. ತಲೆಮಾರು ಸರಿ, ಬ್ಯಾಟರಿ ಸರಿ, ಆರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಹುಡುಗ ವೈರಸ್ ಬಂತು ಅಂತ ರೀಸೆಟ್ ಮಾಡಿದ. ವೈಫೈಗೆ ಕೂಡಿದ್ದೇ ತಡ, ಪರದೆ ಮೇಲೆ ಕಂಡು ಕೇಳರಿಯದ ಯಾವುದೋ ಕಂಪನಿಯ ಹೆಸರು, ನಿಮ್ಮ ಆಫೀಸಿನ ಪಾಸ್‌ವರ್ಡ್ ಹಾಕಿ ಅಂತ. "ಮಾಮಾ, ನಂಗ ನೌಕರಿ ಸಿಕ್ಕದ ನೋಡು" ಅಂತ ಅವನು ನಕ್ಕ. ನನಗೆ ನಗು ಬರಲಿಲ್ಲ. ದೊಡ್ಡ ಆಫೀಸುಗಳು ತಮ್ಮ ಲ್ಯಾಪ್‌ಟಾಪುಗಳನ್ನು ಮೈಕ್ರೋಸಾಫ್ಟ್ ಬಳಿ ತಮ್ಮ ಹೆಸರಲ್ಲಿ ನೋಂದಾಯಿಸಿರುತ್ತವೆ. ಮಾರುವಾಗ ಆ ಹೆಸರು ತೆಗೆಸದಿದ್ದರೆ ಮಶೀನು ಅವರದೇ ಆಗಿ ಉಳಿಯುತ್ತದೆ. ಇಂಟರ್‌ನೆಟ್ ಕೂಡಿಸದೆ ವಿಂಡೋಸ್ ಹಾಕಿದರೆ ಅದು ಗೊತ್ತಾಗುವುದೇ ಇಲ್ಲ.

ಅದಕ್ಕೇ ಅಣ್ಣಾರೇ, ದುಡ್ಡು ಕೊಡುವ ಮೊದಲು ನಿಮ್ಮೆದುರಿಗೇ ರೀಸೆಟ್ ಮಾಡಿಸ್ರಿ, ಮಗಳ ಮೊಬೈಲಿನ ಹಾಟ್‌ಸ್ಪಾಟ್‌ಗೆ ಕೂಡಿಸಿ ಮೊದಲಿನಿಂದ ಶುರು ಮಾಡಿಸ್ರಿ. ಒಂದು ತಾಸು ಹಿಡಿಯುತ್ತದೆ. ಶಹಾಪುರದ ಒಂದು ಬಸ್ಸು ತಪ್ಪಿದರೆ ತಪ್ಪಲಿ. ಆ ಹೊತ್ತಿನಲ್ಲಿ ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ತೆರೆಯುವ ಸೆಟ್ಟಿಂಗಿಗೆ, ಹೋಗಿ ಅಲ್ಲೂ ಪಾಸ್‌ವರ್ಡ್ ಕೇಳುತ್ತದೇನು ಅಂತ ಮಗಳು ನೋಡಲಿ.

ಬ್ಯಾಟರಿ ರಿಪೋರ್ಟ್ ತೆಗೀರಿ ಅನ್ನಿ. ವಿಂಡೋಸ್‌ನಲ್ಲೇ ಅದಕ್ಕೊಂದು ಕಮಾಂಡ್ ಇದೆ, ಗೊತ್ತಿಲ್ಲ ಅನ್ನುವ ಅಂಗಡಿಯವರಿದ್ದರೆ ಅಂಗಡಿಯನ್ನೇ ಬದಲಿಸ್ರಿ. ಅದರಲ್ಲಿ ಎರಡು ಅಂಕಿ ಬರುತ್ತವೆ: ಹುಟ್ಟುವಾಗ ಎಷ್ಟು ಹಿಡಿಯುತ್ತಿತ್ತು, ಈಗ ಪೂರ್ತಿ ಚಾರ್ಜ್ ಆದರೆ ಎಷ್ಟು. 60 ಸಾವಿರ ಇದ್ದದ್ದು 38 ಸಾವಿರಕ್ಕೆ ಇಳಿದಿದ್ದರೆ (ರೂಪಾಯಿ ಅಲ್ಲ, ಮಿಲಿವ್ಯಾಟ್-ಅವರ್ ಅನ್ನುವ ಅಳತೆ) ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಡಿಸಿ. ರ‍್ಯಾಮ್ 8 ಜಿಬಿಗಿಂತ ಕಡಿಮೆ ಬೇಡ, ಡಿಸ್ಕ್ ಎಸ್‌ಎಸ್‌ಡಿಯೇ ಇರಬೇಕು. ಕೊಂಡ ಮೇಲೆ ಒಮ್ಮೆ ಬಿಚ್ಚಿಸಿ ಫ್ಯಾನಿನ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಹೊಸದು ಹಾಕಿಸಿ. ವಾಡಿ, ಸೇಡಂ ಕಡೆಯಿಂದ ಬರುವ ಲ್ಯಾಪ್‌ಟಾಪ್ ಬಿಚ್ಚಿದರೆ ಫ್ಯಾನಿನ ಸುತ್ತ ಸಿಮೆಂಟಿನಂಥ ಬೂದು ಧೂಳು ಗಟ್ಟಿ ಕೂತಿರುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಅದೊಂದು ಸೇರಿದರೆ ಯಾವ ತಲೆಮಾರೂ ತಡೆಯುವುದಿಲ್ಲ.

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ಕಳೆದ ವರ್ಷ ಹೈದರಾಬಾದಿನಲ್ಲಿ ಆರನೇ ಜನರೇಶನ್ ಲ್ಯಾಪ್‌ಟಾಪ್ ಕೊಂಡೆ. ಅದಕ್ಕೆ ವಿಂಡೋಸ್ 11 ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಆದರೆ ನನ್ನದರಲ್ಲಿ 11ವೇ ಇದೆ, ನಡೆಯುತ್ತಲೂ ಇದೆ. ಯಾರ ಮಾತು ನಂಬಲಿ? ನನ್ನ ಕೆಲಸ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದು, ಅಷ್ಟೇ.
— ಬೀದರ್

ಉತ್ತರ: ಅಕ್ಕಾ, ಇಬ್ಬರ ಮಾತೂ ನಿಜ. ಪಟ್ಟಿಯಲ್ಲಿ ಇಲ್ಲದ ಮಶೀನಿಗೂ ತಪಾಸಣೆ ತಪ್ಪಿಸಿ 11 ಹಾಕುವ ದಾರಿ ಇದೆ, ನಿಮಗೆ ಮಾರಿದವರು ಅದನ್ನೇ ಹಿಡಿದಿದ್ದಾರೆ. ಟಿಕೆಟ್ ಇಲ್ಲದೆ ರೈಲು ಹತ್ತಿದ ಹಾಗೆ. ರೈಲು ಹೋಗುತ್ತದೆ, ಸೀಟೂ ಸಿಕ್ಕಿರಬಹುದು. ಆದರೆ ಇಂಥ ಮಶೀನಿಗೆ ಅಪ್‌ಡೇಟ್ ಕೊಡುವ ಹೊಣೆ ನಮ್ಮದಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ತಿಂಗಳ ಪ್ಯಾಚುಗಳು ಬರುತ್ತಿರಬಹುದು, ವರ್ಷದ ಹೊಸ ಆವೃತ್ತಿ ಮಾತ್ರ ತಾನಾಗಿ ಬರುವುದಿಲ್ಲ. ಪ್ರತಿ ಸಲ ಯಾರಾದರೂ ಕೂತು ಅದೇ ಕಳ್ಳದಾರಿಯಲ್ಲಿ ಹಾಕಬೇಕು. 'ಪಿಸಿ ಹೆಲ್ತ್ ಚೆಕ್' ಅಂತ ಮೈಕ್ರೋಸಾಫ್ಟ್‌ನದೇ ಪುಕ್ಕಟೆ ಆ್ಯಪ್ ಇದೆ, ಹಾಕಿ ನೋಡಿ, ಅದು ಮುಲಾಜಿಲ್ಲದೆ ಹೇಳುತ್ತದೆ.

ಜೊತೆಗೆ ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಶನ್ ಎಂಬಲ್ಲಿ ಡಿಜಿಟಲ್ ಲೈಸೆನ್ಸ್ ಎಂದು ಇದೆಯೇ ನೋಡಿ. 180 ದಿನಕ್ಕೊಮ್ಮೆ ನವೀಕರಿಸಬೇಕಾದ ಆಕ್ಟಿವೇಶನ್ ಕಂಡರೆ ಅದು ಆಫೀಸುಗಳಿಗೆ ಸಗಟಾಗಿ ಕೊಡುವ ಬಗೆ. ನಿಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಅದಕ್ಕೇನು ಕೆಲಸ?

ವಾಪಸ್ ವಿಂಡೋಸ್ 10 ಹಾಕಿ, ಹೆಚ್ಚುವರಿ ಭದ್ರತಾ ಅಪ್‌ಡೇಟಿನ ಯೋಜನೆಗೆ ಸೇರುವ ದಾರಿಯೂ ಇದೆ. ಅದು 2026ರ ಅಕ್ಟೋಬರ್ 13ರ ತನಕದ ಮಾತು. ಅಷ್ಟಕ್ಕಾಗಿ ಈ ಕಸರತ್ತು ನಾನು ಮಾಡಿಸುವುದಿಲ್ಲ.

ನಿಮ್ಮ ಕೆಲಸಕ್ಕೆ ನನ್ನ ಸಲಹೆ ಲಿನಕ್ಸ್, ವಿಂಡೋಸ್ ಬದಲಿಗೆ ಹಾಕುವ ಪುಕ್ಕಟೆ ವ್ಯವಸ್ಥೆ. ಉಬುಂಟು, ಮಿಂಟ್ ಅದರದೇ ಬಗೆಗಳು. ಹೆದರಬೇಡಿ. ಉಬುಂಟು 24.04 ಹಾಕಿದರೆ 2029ರ ತನಕ ಪುಕ್ಕಟೆ ಅಪ್‌ಡೇಟ್ ಬರುತ್ತದೆ, ಮಿಂಟ್ 22ಕ್ಕೂ ಅಷ್ಟೇ ಆಯುಷ್ಯ. ಆರನೇ ತಲೆಮಾರಿನ ಮಶೀನು ಅದರ ಮೇಲೆ ಹಗುರಾಗಿ ಓಡುತ್ತದೆ. ಅಂಕಪಟ್ಟಿಗೆ ಲಿಬ್ರೆ ಆಫೀಸ್ ಸಾಕು. ನುಡಿ ತಂತ್ರಾಂಶ ವಿಂಡೋಸ್‌ಗೆ ಮಾಡಿದ್ದು, ಇಲ್ಲಿ ನೇರವಾಗಿ ನಡೆಯುವುದಿಲ್ಲ, ನಿಜ. ಆದರೆ ನಿಮ್ಮ ಬೆರಳಿಗೆ ಕೂತ ಕೀಲಿ ವಿನ್ಯಾಸ ಎಲ್ಲಿಗೂ ಹೋಗುವುದಿಲ್ಲ. ಆ ವಿನ್ಯಾಸದ ಹೆಸರು ಕಗಪ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಅಂತಲೇ ಇದೆ, ಆರಿಸಿಕೊಂಡರೆ ಮುಗಿಯಿತು. ತೊಡಕು ಹಳೆಯ ಕಡತಗಳದ್ದು. ಯೂನಿಕೋಡ್ ಅಲ್ಲದ ಹಳೆ ನುಡಿ ಅಕ್ಷರದಲ್ಲಿ ಇರುವ ಪ್ರಶ್ನೆಪತ್ರಿಕೆಗಳನ್ನು, ವಿಂಡೋಸ್ ಅಳಿಸುವ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಇದನ್ನು ಮರೆತ ಒಬ್ಬ ಮುಖ್ಯಗುರುಗಳು ಹತ್ತು ವರ್ಷದ ಪ್ರಶ್ನೆಪತ್ರಿಕೆಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ನನ್ನ ಹತ್ತಿರ ಹೊತ್ತು ತಂದಿದ್ದರು. ಸರಿಮಾಡಲು ಎರಡು ಭಾನುವಾರ ಹೋದವು.

ಒಂದೇ ಸಲ ನಿರ್ಧಾರ ಬೇಡ. ಪೆನ್‌ಡ್ರೈವ್‌ನಿಂದಲೇ ಉಬುಂಟು ಚಾಲೂ ಮಾಡಿ ನೋಡಬಹುದು, ಡಿಸ್ಕ್ ಮುಟ್ಟುವುದಿಲ್ಲ. ನಿಮ್ಮ ಪ್ರಿಂಟರ್ ಅದರಲ್ಲಿ ನಡೆದರೆ ಮುಂದುವರಿಯಿರಿ.

ಪ್ರಶ್ನೆ: ಮದುವೆ ಫೋಟೊ ತೆಗೆಯುವವನು ನಾನು. 2017ರ ಮ್ಯಾಕ್‌ಬುಕ್ ಏರ್ 22 ಸಾವಿರಕ್ಕೆ ಸಿಗುತ್ತಿದೆ. ಆ್ಯಪಲ್ ಅಂದರೆ ತುಂಬಾ ವರ್ಷ ಬರುತ್ತದಲ್ಲವೇ?
— ಕಲಬುರಗಿ

ಉತ್ತರ: ಬಂದಾಗಿದೆ ತಮ್ಮಾ, ಅದರ ವರ್ಷಗಳೆಲ್ಲ ಬಂದು ಹೋಗಿಯೂ ಆಗಿದೆ. ಆ ಮಾಡೆಲ್ಲು 2021ರ ಮಾಂಟೆರೆ ಆವೃತ್ತಿಗೇ ನಿಂತುಬಿಟ್ಟಿದೆ. ಇಂಟೆಲ್ ಪ್ರೊಸೆಸರ್ ಇರುವ ಮ್ಯಾಕ್‌ಗಳಿಗೆ 2025ರ ಟಾಹೋ ಆವೃತ್ತಿಯೇ ಕೊನೆ ಅಂತ ಆ್ಯಪಲ್ ಹೇಳಿದೆ, ಅದೂ ಎಲ್ಲ ಇಂಟೆಲ್ ಮ್ಯಾಕ್‌ಗಳಿಗೆ ಸಿಕ್ಕಿಲ್ಲ. ಮ್ಯಾಕ್ ಬೇಕೇ ಬೇಕು ಅಂದರೆ 2020ರ ಕೊನೆಗೆ ಬಂದ, ಆ್ಯಪಲ್‌ನದೇ ಚಿಪ್ ಆದ ಎಂ1ರಿಂದ ಮೇಲೆ ನೋಡು. 2020ರಲ್ಲೇ ಇಂಟೆಲ್‌ನ ಏರ್ ಕೂಡ ಬಂದಿತ್ತು, ಹೊರಗಿಂದ ನೋಡಿದರೆ ಎರಡೂ ಅವಳಿಜವಳಿ. ಆ್ಯಪಲ್ ಗುರುತು ಒತ್ತಿ 'ಈ ಮ್ಯಾಕ್ ಬಗ್ಗೆ' ತೆರೆದು ಚಿಪ್ ಹೆಸರು ಓದು. ಹಳೆ ಮಾಲೀಕರ ಐಕ್ಲೌಡ್ ಖಾತೆ ಅವರೇ ತೆಗೆದಿದ್ದಾರೇನು ಅಂತಲೂ ಕೇಳು, ಇಲ್ಲದಿದ್ದರೆ ನನ್ನ ತಂಗಿಯ ಮಗನ ಕತೆಯೇ.

ಪ್ರಶ್ನೆ: ಬಿಲ್ ಬೇಡ ಅಂದರೆ ಎರಡು ಸಾವಿರ ಬಿಡುತ್ತೇನೆ ಅನ್ನುತ್ತಾರೆ. ಬಿಡಿಸಿಕೊಳ್ಳಲೇ?
— ಯಾದಗಿರಿ

ಉತ್ತರ: ಬೇಡ. ಬಿಲ್ ತಗೊಳ್ರಿ, ಅದರಲ್ಲಿ ಲ್ಯಾಪ್‌ಟಾಪಿನ ತಳಭಾಗದ ಸೀರಿಯಲ್ ನಂಬರನ್ನೂ ಬರೆಸ್ರಿ. ನಂಬರು ಬರೆಯಲು ಹಿಂದೆ ಮುಂದೆ ನೋಡಿದರೆ ಆ ಮಾಲು ಎಲ್ಲಿಂದ ಬಂತು ಅಂತ ಅವರಿಗೂ ಹೇಳಲು ಬಾರದು ಅಂತ ತಿಳಕೊಂಡು ಎದ್ದು ಬರ್ರಿ.