ಮಿಕ್ಕ ಸೋಲಾರ್ ಕರೆಂಟ್ ಪಕ್ಕದ ಮನೆಗೆ: ನ್ಯಾಯವಾದ ದರ ಯಾವುದು?

ಪ್ರಶ್ನೆ: ನಮ್ಮ ಚಾವಣಿಯ ಸೋಲಾರ್‌ನಲ್ಲಿ ಮಧ್ಯಾಹ್ನ ಕರೆಂಟ್ ಮಿಗುತ್ತದೆ. ಪಕ್ಕದ ಮನೆಯವರಿಗೆ ಮಾರಬಹುದಾ? ಎಷ್ಟಕ್ಕೆ ಕೊಟ್ಟರೆ ನ್ಯಾಯ?
– ಓದುಗರೊಬ್ಬರು, ಮೈಸೂರು

ಉತ್ತರ: ನೀವೇ ವೈರ್ ಎಳೆದು ಮಾತ್ರ ಕೊಡಬೇಡಿ, ಅದು ಅಪಾಯ, ಲೈಸೆನ್ಸ್ ಇಲ್ಲದೆ ಕರೆಂಟ್ ಮಾರುವುದು ಕಾನೂನಿಗೂ ವಿರುದ್ಧ. ಸರಿಯಾದ ದಾರಿ ಅಂದರೆ ವಿದ್ಯುತ್ ಕಂಪನಿಯ ಈಗಿರುವ ಲೈನಿನಲ್ಲೇ ಕರೆಂಟ್ ಹರಿಯುತ್ತದೆ, ಯಾರು ಎಷ್ಟು ಕೊಟ್ಟರು, ಯಾರು ಬಳಸಿದರು ಅನ್ನುವುದನ್ನು ಸ್ಮಾರ್ಟ್ ಮೀಟರ್ ಲೆಕ್ಕ ಇಡುತ್ತದೆ. 2016ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಆಮೇಲೆ ನಮ್ಮ ಲಖನೌದಲ್ಲೂ ಇದರ ಪ್ರಯೋಗ ನಡೆದಿದೆ.

ದರದ ವಿಷಯ. ಉದಾಹರಣೆಗೆ ಕಂಪನಿ ನಿಮ್ಮಿಂದ ಯೂನಿಟ್‌ಗೆ 3 ರೂಪಾಯಿಗೆ ಕೊಳ್ಳುತ್ತದೆ, ಪಕ್ಕದವರು 7 ಕಟ್ಟುತ್ತಾರೆ ಅನ್ನಿ. ಅವರು 5.50 ಕೊಟ್ಟು, ಲೈನಿನ ಬಾಡಿಗೆ 1 ಹೋಗಿ, ನಿಮಗೆ 4.50 ಸಿಕ್ಕರೆ ಇಬ್ಬರಿಗೂ 1.50 ಲಾಭ. ಲೈನಿನ ಬಾಡಿಗೆ ಬಿಡಲೇಬಾರದು, ಬಿಟ್ಟರೆ ಆ ಖರ್ಚು ಸೋಲಾರ್ ಇಲ್ಲದವರ ಬಿಲ್ಲಿಗೆ ಬೀಳುತ್ತದೆ. ಆದರೆ ನಿಮಗೆ ನೆಟ್ ಮೀಟರಿಂಗ್ (ಕೊಟ್ಟ ಯೂನಿಟ್ಟನ್ನು ಬಳಸಿದ್ದರಿಂದ ಕಳೆದು ಬಿಲ್ ಮಾಡುವ ಪದ್ಧತಿ) ಇದ್ದರೆ ಒಮ್ಮೆ ಯೋಚಿಸಿ, ಮಧ್ಯಾಹ್ನ ಕೊಟ್ಟ ಯೂನಿಟ್ ರಾತ್ರಿಯ ಬಳಕೆಗೇ ವಜಾ ಆಗುತ್ತದಲ್ವಾ, ಅದನ್ನೂ ಕಳೆದು ಮಿಕ್ಕಿದ್ದನ್ನಷ್ಟೇ ಮಾರುವುದು ಲಾಭ.

ನನಗೆ ಜಾಸ್ತಿ ಕಾಡುವುದು ಬೇರೆ. ಬಿಸಿಲೇರಿದಾಗ ಎಲ್ಲರ ಹತ್ತಿರವೂ ಮಿಗುತ್ತದೆ, ಕೊಳ್ಳುವವರು ಕಡಿಮೆ. ಆಗ ದೊಡ್ಡ ಚಾವಣಿಯವರೇ ಗಿರಾಕಿಗಳನ್ನೆಲ್ಲ ಹಿಡಿಯದಂತೆ, ಪ್ರತಿ ಮನೆಯ ಮೊದಲ ಒಂದೆರಡು ಯೂನಿಟ್ ಮಾರಾಟವಾದ ಮೇಲೆ ಉಳಿದದ್ದು ಅನ್ನುವ ನಿಯಮ ಬೇಕು. ಕೊಳ್ಳುವುದರಲ್ಲಿ ಚಾವಣಿಯೇ ಇಲ್ಲದ ಬಾಡಿಗೆ ಮನೆಯವರಿಗೆ ಮೊದಲ ಸರದಿ ಸಿಗಲಿ.