ಕಾರಟಗಿಯ ತಮ್ಮನಿಗೆ, ಫುಡ್ ಬ್ಯಾಂಕ್ ಕುರಿತು

ತಮ್ಮಾ,

ನಿನ್ನ ಪತ್ರ ಬಂದಾಗ ನಾನು ಸಿಂಧನೂರಿನ ಮನೆಯ ಪಡಸಾಲೆಯಲ್ಲಿ ಅವ್ವನ ಜೊತೆ ಶೇಂಗಾ ಸುಲಿಯುತ್ತಾ ಕುಳಿತಿದ್ದೆ. ನೀನು ಕೆನಡಾದ ಬ್ರಾಂಪ್ಟನ್ನಿಗೆ ಓದಲು ಬಂದು ಇನ್ನೂ ಮೂರು ವಾರ. ಜೊತೆಗಿರುವ ಹುಡುಗರು ವಾರಕ್ಕೊಮ್ಮೆ, ಕಷ್ಟದಲ್ಲಿರುವವರಿಗೆ ದಿನಸಿ ಹಂಚುವ ಫುಡ್ ಬ್ಯಾಂಕಿನಿಂದ ಎರಡೆರಡು ಚೀಲ ತುಂಬಿಕೊಂಡು ಬರುತ್ತಾರೆ, ‘ಎಲ್ಲ ಪುಕ್ಕಟೆ, ನೀನೂ ಬಾ’ ಎಂದು ಕರೆಯುತ್ತಾರೆ. ಇನ್ನೊಬ್ಬ ‘ಹೋದರೆ ಮುಂದೆ ಪಿಆರ್ (ಕಾಯಂ ವಾಸದ ಅನುಮತಿ) ಸಿಗುವುದಿಲ್ಲ, ಮಾನವೂ ಹೋಗುತ್ತದೆ’ ಎಂದು ಹೆದರಿಸಿದ್ದಾನೆ. ಏನು ಮಾಡಲಿ ಅಕ್ಕಾ ಎಂದು ಕೇಳಿದ್ದೀಯ.

ಪತ್ರವನ್ನು ಅವ್ವನಿಗೂ ಓದಿ ಹೇಳಿದೆ. ‘ಅವರಪ್ಪನದು ಕಾಲುವೆಯ ಕೆಳಗೆ ನಾಲ್ಕು ಎಕರೆ ಭತ್ತದ ಗದ್ದೆ ಇದೆ. ಆ ಹುಡುಗ ಅಷ್ಟು ದೂರ ಹೋಗಿ ರೇಷನ್ ಸಾಲಿನಲ್ಲಿ ನಿಲ್ಲಬೇಕೇ?’ ಎಂದಳು. ನಾನೂ ಆ ಸಾಲಿನಲ್ಲಿ ನಿಂತಿದ್ದೆ ಎಂಬುದು ಅವಳಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಅವತ್ತೇ ಹೇಳಿದೆ.

ಮೊದಲು ಪಿಆರ್ ಮಾತು ಮುಗಿಸುತ್ತೇನೆ. ಕೆನಡಾದ ಫುಡ್ ಬ್ಯಾಂಕ್ ಸರ್ಕಾರದ ಪಡಿತರವಲ್ಲ, ದಾನದಿಂದ ನಡೆಯುವ ಸಂಸ್ಥೆ. ಪಿಆರ್‌ಗೆ ಅಂಕ ಕೊಡುವುದು ವಯಸ್ಸು, ಓದು, ಭಾಷೆ, ಕೆಲಸದ ಅನುಭವ ನೋಡಿ. ಯಾರ ಚೀಲದಲ್ಲಿ ಯಾವ ಬೇಳೆ ಇತ್ತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಆ ಹುಡುಗನ ಮಾತನ್ನು ಇಲ್ಲಿಗೇ ಬಿಡು.

ಮಾನದ ಮಾತು ಅಷ್ಟು ಬೇಗ ಮುಗಿಯುವುದಿಲ್ಲ. 2009ರ ಚಳಿಗಾಲ. ನಾವು ಕೆನಡಾಕ್ಕೆ ಬಂದು ವರ್ಷವೂ ತುಂಬಿರಲಿಲ್ಲ. ಆರ್ಥಿಕ ಹಿಂಜರಿತದ ಹೊಡೆತಕ್ಕೆ ನಿಮ್ಮ ಮಾವನ ಗೋದಾಮಿನ ಕೆಲಸ ಹೋಯಿತು, ಮಗಳಿಗೆ ಎಂಟು ತಿಂಗಳು. ಅವಳ ಹಾಲಿನ ಪುಡಿಯ ಡಬ್ಬಿ ತಳ ಕಂಡ ದಿನ, ಚರ್ಚೊಂದರ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದ ಫುಡ್ ಬ್ಯಾಂಕಿಗೆ ಹೋದೆ. ಆಗ ಆಯ್ಕೆ ಎಂಬುದಿರಲಿಲ್ಲ, ಕಟ್ಟಿಟ್ಟ ಚೀಲವನ್ನು ಕೈಗೆ ಕೊಡುತ್ತಿದ್ದರು. ಹಾಲಿನ ಪುಡಿ, ಪಾಸ್ತಾ, ಟೊಮೆಟೊ ಸೂಪು, ಎರಡು ಮೀನಿನ ಡಬ್ಬಿ, ಒಂದು ಸೀಸೆ ಶೇಂಗಾ ಬೆಣ್ಣೆ. ಚೀಲದ ಮೇಲೆ ಸಂಸ್ಥೆಯ ಹೆಸರು ದಪ್ಪ ಅಕ್ಷರದಲ್ಲಿತ್ತು. ಬಸ್ ನಿಲ್ದಾಣದಲ್ಲಿ ಎಲ್ಲವನ್ನೂ ಬೆಂಚಿನ ಮೇಲೆ ಸುರಿದು, ಚೀಲವನ್ನು ಒಳಮೈ ಹೊರಗೆ ತಿರುವಿ ಮತ್ತೆ ತುಂಬಿಕೊಂಡೆ. ಕೈಗವಸು ತೆಗೆದಿದ್ದರಿಂದ ಬೆರಳು ಮರಗಟ್ಟಿದ್ದವು. ಮೀನಿನ ಡಬ್ಬಿಗಳನ್ನು ಪಕ್ಕದ ಮನೆಯವರಿಗೆ ಕೊಟ್ಟೆವು. ಶೇಂಗಾ ಬೆಣ್ಣೆಗೆ ಒಣಖಾರ, ಉಪ್ಪು, ಬೆಳ್ಳುಳ್ಳಿ ಕಲಸಿ ಚಪಾತಿಗೆ ಹಚ್ಚಿಕೊಂಡು ತಿಂದೆವು. ನಮ್ಮ ಶೇಂಗಾ ಹಿಂಡಿಯ ದೂರದ ನೆಂಟನಂತಿತ್ತು, ಅಷ್ಟೇ.

ನಾನು ಈಗಲೂ ಶನಿವಾರಗಳಂದು ಒಂದು ಫುಡ್ ಬ್ಯಾಂಕಿಗೆ ಹೋಗುತ್ತೇನೆ, ಆದರೆ ಮೇಜಿನ ಈಚೆ ಬದಿಗೆ. ಆಗಿನದಕ್ಕೂ ಈಗಿನದಕ್ಕೂ ಬಹಳ ಅಂತರವಿದೆ. ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಂಡು ಬರುತ್ತಾರೆ. ಅಂಗಡಿಯಂತೆ ಕಪಾಟುಗಳಿವೆ, ಮನೆಯಲ್ಲಿ ಎಷ್ಟು ಜನ ಎಂಬುದರ ಮೇಲೆ ಅಂಕ ಕೊಡುತ್ತೇವೆ, ಅಷ್ಟರೊಳಗೆ ಅವರೇ ಆರಿಸಿಕೊಳ್ಳುತ್ತಾರೆ. ಮಸೂರ ಬೇಳೆ, ಕಡಲೆ, ಗೋಧಿ ಹಿಟ್ಟು, ಕ್ಯಾರೆಟ್, ಮೊಟ್ಟೆ ಸಿಗುತ್ತವೆ. ಪಕ್ಕದ ಕೋಣೆಯಲ್ಲಿ ಒಬ್ಬರು ತೆರಿಗೆ ಅರ್ಜಿ ತುಂಬಿಸಿಕೊಡುತ್ತಾರೆ. ಅರ್ಜಿ ಹಾಕದೆ ಸರ್ಕಾರದ ಮಕ್ಕಳ ಭತ್ಯೆಯನ್ನೇ ಕಳೆದುಕೊಂಡಿದ್ದವರನ್ನು ನಾನು ನೋಡಿದ್ದೇನೆ. ಅಂಥವರಿಗೆ ಆ ಒಂದು ಕಾಗದ ಹತ್ತು ಚೀಲ ಅಕ್ಕಿಗಿಂತ ಹೆಚ್ಚು.

‘ಅವಧಿ ಮುಗಿದ ಕಸ ಕೊಡುತ್ತಾರಂತೆ’ ಎಂದೂ ಬರೆದಿದ್ದೀಯ. ಶನಿವಾರ ನನ್ನ ಕೆಲಸವೇ ಅದನ್ನು ನೋಡುವುದು. ಅಲ್ಲಿನ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಇರುವುದು ‘ಇಷ್ಟರೊಳಗೆ ಬಳಸಿದರೆ ಒಳ್ಳೆಯದು’ ಎಂಬ ದಿನಾಂಕ. ಅದು ರುಚಿ, ಗುಣಮಟ್ಟದ ಮಾತು. ಸೂಪಿನ ಡಬ್ಬಿ ಆ ದಿನ ದಾಟಿದರೂ ತಿನ್ನಬಹುದು. ಮಗುವಿನ ಹಾಲಿನ ಪುಡಿಯದು ನಿಜವಾದ ಗಡುವು, ಒಂದು ದಿನ ದಾಟಿದರೂ ಕಸದ ಬುಟ್ಟಿಗೆ. ಡಬ್ಬಿಯ ಹೊಟ್ಟೆ ಸ್ವಲ್ಪ ತಗ್ಗಿದ್ದರೆ ಇರಲಿ ಎನ್ನುತ್ತೇವೆ. ಅಂಚಿನ ಬೆಸುಗೆಯ ಮೇಲೆ ಪೆಟ್ಟು ಬಿದ್ದಿದ್ದರೆ, ಮುಚ್ಚಳ ಉಬ್ಬಿದ್ದರೆ ಮುಲಾಜಿಲ್ಲದೆ ಎಸೆಯುತ್ತೇವೆ.

ಸಾಲಿನಲ್ಲಿ ಯಾರು ನಿಲ್ಲುತ್ತಾರೆ ಎಂಬ ಕಲ್ಪನೆಯೂ ಜನರಲ್ಲಿ ಹಳೆಯದೇ ಉಳಿದಿದೆ: ಮನೆಯಿಲ್ಲದವರು, ಕುಡುಕರು. 2024ರ ಮಾರ್ಚ್ ಒಂದೇ ತಿಂಗಳಲ್ಲಿ ಕೆನಡಾದ ಫುಡ್ ಬ್ಯಾಂಕ್‌ಗಳಿಗೆ ಜನ 20 ಲಕ್ಷಕ್ಕೂ ಹೆಚ್ಚು ಬಾರಿ ಬಂದರು, 2019ರ ಮಾರ್ಚ್‌ಗಿಂತ ಸುಮಾರು ದುಪ್ಪಟ್ಟು. ಮೂರರಲ್ಲಿ ಒಂದು ಪಾಲು ಮಕ್ಕಳು. ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಕೆಲಸದಲ್ಲಿರುವವರು. ಸಂಬಳ ಬರುತ್ತದೆ, ಬಾಡಿಗೆಗೆ ಹೋಗುತ್ತದೆ, ಹೊಟ್ಟೆಯ ಪಾಳಿ ಕೊನೆಗೆ. ಆ ದೇಶದ ಮೊದಲ ಫುಡ್ ಬ್ಯಾಂಕ್ 1981ರಲ್ಲಿ ಎಡ್ಮಂಟನ್‌ನಲ್ಲಿ ತೆರೆದಾಗ ಇದು ಕಷ್ಟಕಾಲ ಕಳೆಯುವವರೆಗೆ ಮಾತ್ರ ಎಂದುಕೊಂಡಿದ್ದರು. ತಾತ್ಕಾಲಿಕವೆಂದು ಹಾಕಿದ ತಗಡಿನ ಚಪ್ಪರವೇ ಮನೆಯಾಗಿಬಿಟ್ಟಿತು. ಇದು ಹಸಿವಿಗೆ ಮದ್ದಲ್ಲ ಎಂದು ಅದನ್ನು ನಡೆಸುವವರೇ ಹೇಳುತ್ತಾರೆ, ನಾನೂ ಹೇಳುತ್ತೇನೆ.

ಈಗ ನಿನ್ನ ಗೆಳೆಯರ ‘ಪುಕ್ಕಟೆ’. ನನಗೆ ಸಿಟ್ಟು ಬರುವುದು ಇಲ್ಲಿ. 2024ರಲ್ಲಿ ನಮ್ಮ ದೇಶದ ಯುವಕನೊಬ್ಬ ಫುಡ್ ಬ್ಯಾಂಕಿನಿಂದ ದಿನಸಿಯ ಖರ್ಚು ಉಳಿಸುವುದು ಹೇಗೆಂದು ವಿಡಿಯೋ ಮಾಡಿದ. ಅದು ಎಲ್ಲೆಡೆ ಹರಿದಾಡಿ, ಬೈಗುಳವೆಲ್ಲ ಭಾರತದ ವಿದ್ಯಾರ್ಥಿಗಳ ಮೇಲೆ ಬಿತ್ತು. ಕೆಲವು ಫುಡ್ ಬ್ಯಾಂಕ್‌ಗಳು ವಿದೇಶಿ ವಿದ್ಯಾರ್ಥಿಗಳಿಗೆ ಬಾಗಿಲನ್ನೇ ಮುಚ್ಚಿದವು. ನಿಜವಾಗಿ ಹಸಿದಿದ್ದ ಹುಡುಗಿಯರು ನಮ್ಮ ಮೇಜಿನ ಬಳಿ ಬಂದು, ಕೇಳಲು ಬಾಯಿ ಬಾರದೆ ನಿಂತದ್ದನ್ನು ಕಂಡಿದ್ದೇನೆ. ತಪ್ಪು ಹುಡುಗರದೊಂದೇ ಅಲ್ಲ. ಓದಲು ಬರುವವರು ಮೊದಲ ವರ್ಷದ ಖರ್ಚಿಗೆ 10,000 ಡಾಲರ್ ತೋರಿಸಿದರೆ ಸಾಕು ಎಂಬ ನಿಯಮವನ್ನು ಬಹುಕಾಲ ಹಾಗೆಯೇ ಇಟ್ಟಿದ್ದು ಸರ್ಕಾರ. 2024ರ ಜನವರಿಯಲ್ಲಿ ಅದು 20,635 ಆಯಿತು, 2025ರ ಸೆಪ್ಟೆಂಬರ್‌ನಿಂದ 22,895. ಸಾಲ ಮಾಡಿ ಆ ಮೊತ್ತ ತೋರಿಸಿ, ಬಂದ ಮೇಲೆ ವಾಪಸ್ ಕಳುಹಿಸಿದರಾಯಿತು ಎಂದು ಕಲಿಸಿದವರು ನಮ್ಮ ಕಡೆಯ ಏಜೆಂಟರು. ಕಾಲೇಜು ನಡೆಯುವಾಗ ವಾರಕ್ಕೆ 24 ಗಂಟೆಗಿಂತ ಹೆಚ್ಚು ಹೊರಗೆ ದುಡಿಯುವಂತಿಲ್ಲ ಎಂಬುದನ್ನು ಮಾತ್ರ ಅವರು ಮೆಲ್ಲಗೆ ಹೇಳುತ್ತಾರೆ.

ಕಳೆದ ವಾರ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೆವು. ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಜೋಳದ ರೊಟ್ಟಿ ಬಂದು ಬೀಳುತ್ತಿತ್ತು. ದಾಸೋಹದಲ್ಲಿ ನನ್ನ ಒಂದು ಬದಿಗೆ ಚಿನ್ನದ ಅಂಗಡಿಯವರು, ಇನ್ನೊಂದು ಬದಿಗೆ ಕೂಲಿಯವರು. ಅಲ್ಲಿ ಉಣ್ಣುವುದಕ್ಕೆ ಹಸಿವು ಒಂದೇ ಕಾರಣವಲ್ಲ, ಉಂಡಷ್ಟೂ ಮಠಕ್ಕೆ ಸಂತೋಷ. ನಿನ್ನ ಗೆಳೆಯರು ಫುಡ್ ಬ್ಯಾಂಕನ್ನೂ ಹೀಗೇ ಎಂದುಕೊಂಡಿದ್ದಾರೆ. ಅಲ್ಲಿ ಒಬ್ಬರು ಹೆಚ್ಚು ಒಯ್ದರೆ ಸಂಜೆ ಐದಕ್ಕೆ ಬಂದವರಿಗೆ ಕಪಾಟು ಖಾಲಿ.

ಹೋಲಿಕೆ ಅವ್ವನ ಬಾಯಿಂದ ಬಂತು. ನನ್ನ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಅದು ಹಗೇವು’ ಎಂದಳು. ಹಗೇವು ಎಂದರೆ ಜೋಳ ಕೂಡಿಡುವ ನೆಲದೊಳಗಿನ ಕಣಜ. ಅವಳ ತವರು ಮಸ್ಕಿ ಕಡೆಯ ಮಳೆ ನಂಬಿದ ಊರು. 1972ರ ಬರದಲ್ಲಿ ಅವರಪ್ಪ ಹಗೇವು ತೆಗೆಸಿದ್ದರಂತೆ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಒಳಗಿನ ಗಾಳಿ ಜೀವ ತೆಗೆಯುತ್ತದೆ. ಹಗ್ಗಕ್ಕೆ ಕಟ್ಟಿ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಜೋಳ ಒಯ್ದವರಲ್ಲಿ ಕೆಲವರು ಮುಂದಿನ ಸುಗ್ಗಿಗೆ ತಂದು ಹಾಕಿದರು, ಕೆಲವರಿಗೆ ಆಗಲೇ ಇಲ್ಲ. ‘ಮನೆಯಲ್ಲಿ ಜೋಳ ಇದ್ದವರು ಬಂದಿದ್ದರಾ?’ ಎಂದು ಕೇಳಿದೆ. ‘ಇಬ್ಬರು ಬಂದಿದ್ದರು. ಅವರ ಹೆಸರು ಊರಿಗೆ ಇನ್ನೂ ನೆನಪಿದೆ’ ಎಂದು ನಕ್ಕಳು.

ಆದ್ದರಿಂದ ಮೊದಲು ನಿನ್ನ ಲೆಕ್ಕ ನೋಡಿಕೋ. ಅಪ್ಪ ಕಳುಹಿಸಿದ ಹಣ ಇನ್ನೂ ಖಾತೆಯಲ್ಲಿದ್ದರೆ ಭಾರತೀಯರ ಅಂಗಡಿಗೆ ಹೋಗಿ 20 ಪೌಂಡಿನ ಸೋನಾ ಮಸೂರಿ ಚೀಲ ತಾ. ನಿಮ್ಮೂರಿನ ಗಿರಣಿಯದೇ ಇದ್ದರೂ ಇರಬಹುದು. ನಾಲ್ವರೂ ಸೇರಿ ಅಡುಗೆ ಮಾಡಿದರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಹಣ ನಿಜವಾಗಿ ತೀರಿದ್ದರೆ, ಕಾಲೇಜಿನ ವಿದ್ಯಾರ್ಥಿ ಸಂಘ ನಡೆಸುವ ಆಹಾರ ಕೇಂದ್ರ ಇದೆಯೇ ಎಂದು ಮೊದಲು ವಿಚಾರಿಸು. ಇಲ್ಲವಾದರೆ ಗುರುತಿನ ಚೀಟಿ, ವಿಳಾಸದ ಕಾಗದ ಹಿಡಿದು ನಮ್ಮಲ್ಲಿಗೆ ಬಾ. ಹಸಿದುಕೊಂಡು ಮಾತ್ರ ಮಲಗಬೇಡ, ಅಪ್ಪನಿಗೆ ಹೇಳಲಾಗದಿದ್ದರೆ ನನಗೆ ಹೇಳು.

ಫೆಬ್ರವರಿ ಮೊದಲ ವಾರ ಹಿಂತಿರುಗುತ್ತೇನೆ. ಅವ್ವ ನಿನಗೆಂದು ಖಡಕ್ ರೊಟ್ಟಿ, ಗುರೆಳ್ಳು ಪುಡಿ ಕಟ್ಟಿಡುತ್ತಿದ್ದಾಳೆ. ಒಯ್ಯಲು ಶನಿವಾರ ಬೆಳಿಗ್ಗೆ ಎಂಟಕ್ಕೆ ಕೇಂದ್ರಕ್ಕೇ ಬಾ. ಕೈಗವಸು ಅಲ್ಲೇ ಇರುತ್ತದೆ, ಡಬ್ಬಿ ವಿಂಗಡಿಸಲು ಇಬ್ಬರು ಕಡಿಮೆ ಇದ್ದೇವೆ.